ಓದುಗರ ಪ್ರಶ್ನೆ: ಲಂಡನ್ನಿನ ಪೆಟ್ರಿ ಮ್ಯೂಸಿಯಂ ನೋಡುವುದು ಹೇಗೆ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆವರಣದಲ್ಲಿ ಪ್ರಾಚೀನ ಈಜಿಪ್ಟ್ ಮತ್ತು ಸುಡಾನಿನ ವಸ್ತುಗಳ ಒಂದು ಸಂಗ್ರಹಾಲಯವಿದೆ. ಅದೇ ಪೆಟ್ರಿ ಮ್ಯೂಸಿಯಂ. ಅದರ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಪ್ರ: ಮಗಳ ಮನೆಗೆಂದು ಲಂಡನ್ನಿಗೆ ಹೊರಟಿದ್ದೇವೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಈಜಿಪ್ಟಿನ ದೊಡ್ಡ ವಿಭಾಗವೇ ಇದೆಯಲ್ಲ, ಅದನ್ನು ನೋಡಿದ ಮೇಲೂ ಪೆಟ್ರಿಗೆ ಹೋಗಬೇಕೇ? — ಓದುಗರು, ಮೈಸೂರು

ಉ: ಹೋಗಲೇಬೇಕು ಎನ್ನುತ್ತೇವೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ನಿಮ್ಮನ್ನು ಎದುರುಗೊಳ್ಳುವುದು ರಾಜರ ಬೃಹತ್ ಶಿಲ್ಪಗಳು, ಬಣ್ಣ ಬಳಿದ ಶವಪೆಟ್ಟಿಗೆಗಳು. ಪೆಟ್ರಿಯಲ್ಲಿರುವುದು ಬಾಚಣಿಗೆ, ಮಣಿ, ಚಪ್ಪಲಿ, ತೂಕದ ಕಲ್ಲು, ಇಲಿಬೋನು, ಮಕ್ಕಳ ಆಟಿಕೆ, ಬಟ್ಟೆ, ಮಡಕೆ. ಹೀಗೆ 80,000ಕ್ಕೂ ಹೆಚ್ಚು ವಸ್ತುಗಳಿವೆ. ಅವುಗಳಲ್ಲಿ ಸ್ವಲ್ಪ ಭಾಗ ಮಾತ್ರ ಗಾಜಿನ ಕಪಾಟುಗಳಲ್ಲಿದೆ.

ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿನ ಬಹಳಷ್ಟು ವಸ್ತುಗಳು ವ್ಯಾಪಾರಿಗಳ ಕೈಯಿಂದ ಬಂದವಲ್ಲ, ಉತ್ಖನನದಲ್ಲಿ ಸಿಕ್ಕವು. ಯಾವ ಊರು, ಯಾವ ಗೋರಿ, ಪಕ್ಕದಲ್ಲಿ ಏನಿತ್ತು ಎಂಬ ದಾಖಲೆ ಅವುಗಳ ಜೊತೆಗಿದೆ. ಸಿಕ್ಕ ಜಾಗ ಗೊತ್ತಿಲ್ಲದ ಚಿನ್ನದ ಸರಕ್ಕಿಂತ ಸಿಕ್ಕ ಜಾಗ ಗೊತ್ತಿರುವ ಒಡಕು ಮಡಕೆಯೇ ಇತಿಹಾಸಕ್ಕೆ ಹೆಚ್ಚು ಬೆಲೆಯುಳ್ಳದ್ದು. ಈ ಮಾತಿಗೆ ಕಣ್ಣೆದುರಿನ ಪುರಾವೆ ಬೇಕೆನ್ನುವವರು ಇಲ್ಲಿಗೆ ಬರಬೇಕು.

ಇದರ ಮೂಲ ಅಮೀಲಿಯಾ ಎಡ್ವರ್ಡ್ಸ್ ಎಂಬ ಲೇಖಕಿಯ ದತ್ತಿ. ಈಜಿಪ್ಟಿನ ಉತ್ಖನನಗಳಿಗೆ ಹಣ ಕೂಡಿಸಲು 1882ರಲ್ಲಿ ಸಂಸ್ಥೆ ಕಟ್ಟಿದವರಲ್ಲಿ ಆಕೆ ಒಬ್ಬರು. 1892ರಲ್ಲಿ ತೀರಿಕೊಂಡಾಗ ತಮ್ಮ ಸಂಗ್ರಹವನ್ನೂ, ಒಂದು ಪ್ರಾಧ್ಯಾಪಕ ಹುದ್ದೆಗೆ ಬೇಕಾದ ಹಣವನ್ನೂ ಈ ಕಾಲೇಜಿಗೆ ಬಿಟ್ಟುಹೋದರು. ಆ ಹುದ್ದೆಗೆ ಮೊದಲು ಬಂದವರು ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ (1853–1942). ಪೆಟ್ರಿ ತಮ್ಮ ಸ್ವಂತ ಸಂಗ್ರಹವನ್ನು 1913ರಲ್ಲಿ ಕಾಲೇಜಿಗೆ ಮಾರಿದರು.

ಪ್ರ: ದಾರಿ, ಸಮಯ, ಟಿಕೆಟ್ ವಿವರ ತಿಳಿಸಿ. ಬ್ರಿಟಿಷ್ ಮ್ಯೂಸಿಯಂ ಜೊತೆಗೆ ಒಂದೇ ದಿನ ನೋಡಬಹುದೇ? — ಓದುಗರು, ಹಾಸನ

ಉ: ಪ್ರವೇಶ ಉಚಿತ. ಸಾಮಾನ್ಯವಾಗಿ ವಾರದ ದಿನಗಳಲ್ಲಿ ಮಧ್ಯಾಹ್ನ ಮಾತ್ರ ತೆರೆದಿರುತ್ತದೆ. ಶನಿವಾರ ಬೆಳಿಗ್ಗೆಯಿಂದಲೇ ಇರುತ್ತದೆ. ಭಾನುವಾರ, ಸೋಮವಾರ ಹೋಗಿ ಬಾಗಿಲು ಮುಚ್ಚಿದ್ದು ನೋಡಿ ಹಿಂತಿರುಗಿದವರು ಅನೇಕರು. ಕ್ರಿಸ್‌ಮಸ್, ಈಸ್ಟರ್ ಆಸುಪಾಸಿನಲ್ಲಿ ಕಾಲೇಜಿಗೆ ರಜೆ ಬಂದರೆ ಮ್ಯೂಸಿಯಂಗೂ ರಜೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲೇ ಕಾಲೇಜಿನ ಜಾಲತಾಣ ನೋಡಿಕೊಳ್ಳಿ.

ಒಂದೇ ದಿನಕ್ಕೆ ಎರಡನ್ನೂ ಹೊಂದಿಸಬಹುದು. ಬೆಳಿಗ್ಗೆ 10ಕ್ಕೆ ಬ್ರಿಟಿಷ್ ಮ್ಯೂಸಿಯಂ, ಊಟ ಮುಗಿಸಿ ಪೆಟ್ರಿ. ಬ್ರಿಟಿಷ್ ಮ್ಯೂಸಿಯಂನ ಮುಂಬಾಗಿಲಿನಿಂದ ಹೊರಬರಬೇಡಿ. ಹಿಂಭಾಗದ ಮಾಂಟೆಗ್ಯೂ ಪ್ಲೇಸ್ ಬಾಗಿಲಿನಿಂದ ಬನ್ನಿ. ಎದುರಿಗೆ ಮ್ಯಾಲೆಟ್ ಸ್ಟ್ರೀಟ್ ಸಿಗುತ್ತದೆ. ಸೆನೆಟ್ ಹೌಸಿನ ಎತ್ತರದ ಬಿಳಿ ಕಟ್ಟಡವನ್ನು ಬಲಕ್ಕೆ ಬಿಟ್ಟು ನೇರ ಉತ್ತರಕ್ಕೆ ನಡೆದರೆ ಟೊರಿಂಗ್ಟನ್ ಪ್ಲೇಸ್ ರಸ್ತೆ. ಅದನ್ನು ದಾಟಿದರೆ ಕಾಲೇಜಿನ ಗೇಟು, ಒಳಗೆ ಮ್ಯಾಲೆಟ್ ಪ್ಲೇಸ್. ಒಟ್ಟು ಸುಮಾರು 10 ನಿಮಿಷದ ನಡಿಗೆ. ಮೆಟ್ರೋದಲ್ಲಿ ಬರುವವರು ಗುಜ್ ಸ್ಟ್ರೀಟ್, ಯೂಸ್ಟನ್ ಸ್ಕ್ವೇರ್, ವಾರನ್ ಸ್ಟ್ರೀಟ್, ರಸೆಲ್ ಸ್ಕ್ವೇರ್ ಇವುಗಳಲ್ಲಿ ಯಾವುದರಲ್ಲಿ ಇಳಿದರೂ ನಡೆದೇ ಹೋಗಬಹುದು.

ಹೆಚ್ಚಿನವರು ದಾರಿ ತಪ್ಪುವುದು ಗೇಟಿನ ಒಳಗೆ ಬಂದ ಮೇಲೆ. ದೊಡ್ಡ ಕಂಬಗಳ ಭವ್ಯ ಕಟ್ಟಡವೊಂದನ್ನು ಹುಡುಕುತ್ತ ಮುಂದಕ್ಕೆ ಹೋಗಿಬಿಡುತ್ತಾರೆ. ಮ್ಯೂಸಿಯಂ ಇರುವುದು ವಿಜ್ಞಾನ ಗ್ರಂಥಾಲಯಕ್ಕೆ ಅಂಟಿಕೊಂಡ ಕಟ್ಟಡದ ಮಹಡಿಯಲ್ಲಿ. ಹಿಂದೆ ಅದು ಕುದುರೆ ಲಾಯವಾಗಿತ್ತು. ಎರಡನೇ ಮಹಾಯುದ್ಧದ ನಂತರ 1950ರ ದಶಕದಲ್ಲಿ ಸಂಗ್ರಹವನ್ನು ಅಲ್ಲಿಗೆ ತಂದರು, ಈಗಲೂ ಅಲ್ಲೇ ಇದೆ. ಗ್ರಂಥಾಲಯದ ಬಾಗಿಲ ಬಳಿ ಬಂದರೆ ಮ್ಯೂಸಿಯಂನ ಫಲಕ ಕಾಣುತ್ತದೆ. ಮೆಟ್ಟಿಲು ಹತ್ತಲಾರದವರು ಲಿಫ್ಟ್ ಎಲ್ಲಿದೆ ಎಂದು ಕೆಳಗೇ ವಿಚಾರಿಸಿ. ಒಳಗೆ ತಿಂಡಿ, ಕಾಫಿ ಸಿಗುವುದಿಲ್ಲ, ಅದನ್ನು ಮೊದಲೇ ಮುಗಿಸಿಕೊಂಡು ಹೋಗಿ. ಕನಿಷ್ಠ ಎರಡು ಗಂಟೆ ಕೈಯಲ್ಲಿರಲಿ.

ಪ್ರ: ಕಪಾಟುಗಳಲ್ಲಿ ವಸ್ತುಗಳನ್ನು ಒತ್ತೊತ್ತಾಗಿ ತುಂಬಿದ್ದಾರೆ, ಬೆಳಕೂ ಕಡಿಮೆ, ಏನು ನೋಡಬೇಕೆಂದೇ ತಿಳಿಯುವುದಿಲ್ಲ ಎಂದು ಹೋಗಿಬಂದವರು ಹೇಳುತ್ತಾರೆ. ನಿಜವೇ? — ಓದುಗರು, ಬೆಂಗಳೂರು

ಉ: ನಿಜ. ಈ ಸಂಗ್ರಹವನ್ನು ಕಟ್ಟಿದ್ದೇ ವಿದ್ಯಾರ್ಥಿಗಳ ಪಾಠಕ್ಕೆ. ಒಂದೇ ಬಗೆಯ ನೂರು ವಸ್ತುಗಳನ್ನು ಸಾಲಾಗಿಟ್ಟು ಹೋಲಿಸಿ ಕಲಿಸುವುದು ಅದರ ಉದ್ದೇಶವಾಗಿತ್ತು. ಬೆಳಕು ಕಡಿಮೆ ಇರುವುದಕ್ಕೆ ಬೇರೆ ಕಾರಣವಿದೆ. ನಾರುಬಟ್ಟೆ, ಪಪೈರಸ್ ಎಂಬ ಜೊಂಡಿನ ಹಾಳೆ, ಮರದ ಮೇಲಿನ ಬಣ್ಣ ಇವೆಲ್ಲ ಬೆಳಕಿಗೆ ಮಾಸುತ್ತವೆ. ಒಮ್ಮೆ ಮಾಸಿದ್ದನ್ನು ಯಾವ ರಾಸಾಯನಿಕವೂ ಹಿಂದಕ್ಕೆ ತರಲಾರದು. ಇಂಥ ವಸ್ತುಗಳಿಗೆ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕು ಎಂಬುದು ಮ್ಯೂಸಿಯಂಗಳ ಸಾಮಾನ್ಯ ಲೆಕ್ಕ. ಹೊರಗಿನ ಹಗಲಿನಿಂದ ಒಳಬಂದ ಕಣ್ಣು ಅದಕ್ಕೆ ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು. ಆದ್ದರಿಂದ ಬಟ್ಟೆಗಳಿಂದ ಶುರು ಮಾಡಬೇಡಿ. ಮೊದಲು ಕಲ್ಲು, ಮಡಕೆಗಳ ಕಡೆ ಹೋಗಿ. ಕೈದೀಪ ಬೇಕೆನಿಸಿದರೆ ಸಿಬ್ಬಂದಿಯನ್ನು ಕೇಳಿ. ಮೊಬೈಲಿನ ಟಾರ್ಚನ್ನು ಬಟ್ಟೆಯ ಮೇಲೆ ಬಿಡುವುದು ಖಂಡಿತ ಬೇಡ. ಫೋಟೋಗೆ ಫ್ಲ್ಯಾಶ್ ಕೂಡದು. ಗಾಜಿನ ಪ್ರತಿಬಿಂಬ ಕಾಡಿದರೆ ಮೊಬೈಲಿನ ಲೆನ್ಸನ್ನು ಗಾಜಿಗೆ ತೀರ ಹತ್ತಿರ ಹಿಡಿಯಿರಿ, ಪಕ್ಕದಿಂದ ಬರುವ ಬೆಳಕು ತಪ್ಪುತ್ತದೆ. ಚಿಕ್ಕದೊಂದು ಭೂತಗನ್ನಡಿ ಜೇಬಿನಲ್ಲಿದ್ದರೆ ಇಲ್ಲಿ ಬಹಳ ಉಪಯೋಗ. ನೋಡಬೇಕಾದ ಎಷ್ಟೋ ವಸ್ತುಗಳು ಬೆರಳಿನ ಉಗುರಿನಷ್ಟೇ ಇವೆ.

ಎಲ್ಲವನ್ನೂ ನೋಡುವ ಹಟ ಬಿಡಿ. ಮನೆಯಲ್ಲೇ ಹತ್ತು ವಸ್ತುಗಳನ್ನು ಆರಿಸಿಕೊಂಡು ಹೋಗಿ. ಮ್ಯೂಸಿಯಂನ ಪ್ರತಿ ವಸ್ತುವಿಗೂ ಯುಸಿ ಎಂದು ಶುರುವಾಗುವ ಸಂಖ್ಯೆಯಿದೆ. ಇಡೀ ಸಂಗ್ರಹದ ಪಟ್ಟಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸಂಖ್ಯೆ ಹಾಕಿದರೆ ಸಿಕ್ಕ ಊರು, ಕಾಲ, ಯಾವುದರಿಂದ ಮಾಡಿದ್ದು, ಅಳತೆ ಎಲ್ಲ ಬರುತ್ತದೆ. ಅಲ್ಲಿ ಹೋದಾಗ ಯಾವುದೋ ವಸ್ತು ಕಣ್ಣಿಗೆ ಬಿದ್ದು ವಿವರ ಸಾಲದೆನಿಸಿದರೆ ಆ ಸಂಖ್ಯೆಯನ್ನಷ್ಟೇ ಬರೆದುಕೊಳ್ಳಿ, ಉಳಿದದ್ದನ್ನು ಮನೆಗೆ ಬಂದು ಓದಬಹುದು. ಮಡಕೆಗಳ ಮೈಮೇಲೆ ಮಸಿಯಲ್ಲಿ ಬರೆದ ಅಂಕಿಗಳೂ ಕಾಣಿಸುತ್ತವೆ. ಅವು ಉತ್ಖನನದ ಜಾಗದಲ್ಲೇ ಬರೆದ ಗೋರಿಯ ಸಂಖ್ಯೆಗಳು. ಅವನ್ನು ಕೊಳೆ ಎಂದು ತೊಳೆದುಬಿಟ್ಟಿದ್ದರೆ ಆ ಮಡಕೆಯ ಅರ್ಧ ಇತಿಹಾಸ ಹೋಗಿಬಿಡುತ್ತಿತ್ತು.

ನಮ್ಮ ಆಯ್ಕೆ ಕೇಳಿದರೆ ಮೂರು ತಪ್ಪಿಸಿಕೊಳ್ಳಬಾರದವು: ತರ್ಖಾನಿನ ಅಂಗಿ, ಗೆರ್ಜೆಯ ಕಬ್ಬಿಣದ ಮಣಿಗಳು, ಬರಹ ಹುಟ್ಟುವ ಮುಂಚಿನ ನಕಾದಾ ಕಾಲದ ಮಡಕೆಗಳ ಸಾಲು. ಇವುಗಳ ಬಗ್ಗೆ ಮುಂದೆ ಬೇರೆ ಪ್ರಶ್ನೆಗಳೇ ಇವೆ. ಕೊಪ್ಟೋಸಿನಲ್ಲಿ ಸಿಕ್ಕ ಸುಣ್ಣಕಲ್ಲಿನ ಉಬ್ಬುಶಿಲ್ಪವನ್ನೂ ಸೇರಿಸಿಕೊಳ್ಳಿ. ಮಿನ್ ದೇವರ ಎದುರು ದೊರೆ ಒಂದನೇ ಸೆನುಸ್ರೆತ್ ಓಡುತ್ತಿರುವ ದೃಶ್ಯ ಅದು, ಗೆರೆಗಳ ಚೂಪು ಇಂದಿಗೂ ಮಾಸಿಲ್ಲ. ಹವಾರಾದ ಮಮ್ಮಿಗಳ ಮುಖಕ್ಕೆ ಕಟ್ಟುತ್ತಿದ್ದ, ಮರದ ಹಲಗೆಯ ಮೇಲೆ ಮೇಣದ ಬಣ್ಣದಲ್ಲಿ ಬರೆದ ರೋಮನ್ ಕಾಲದ ಭಾವಚಿತ್ರಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.

ಪ್ರ: ಐದು ಸಾವಿರ ವರ್ಷದ ಬಟ್ಟೆ ಕೊಳೆಯದೆ ಉಳಿದದ್ದು ಹೇಗೆ? ಅದರ ಕಾಲವನ್ನು ಹೇಗೆ ಕಂಡುಹಿಡಿದರು? — ಓದುಗರು, ಇಳಕಲ್

ಉ: ನೇಯ್ಗೆಯ ಊರಿನಿಂದ ಈ ಪ್ರಶ್ನೆ ಬಂದದ್ದು ಸಂತೋಷ. ಕೊಳೆಯುವುದಕ್ಕೆ ತೇವ ಬೇಕು. ನೈಲ್ ನದಿಯ ಪ್ರವಾಹ ತಲುಪದ ಮರಳುಗಾಡಿನ ಅಂಚಿನಲ್ಲಿ ಗೋರಿಗಳಿದ್ದವು, ಮಳೆ ಇಲ್ಲವೆಂಬಷ್ಟು ಕಡಿಮೆ. ಒಣ ಮರಳಿನಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಆಟ ನಡೆಯುವುದಿಲ್ಲ.

ಕೈರೋದಿಂದ ಸುಮಾರು 50 ಕಿ.ಮೀ. ದಕ್ಷಿಣದ ತರ್ಖಾನಿನಲ್ಲಿ 1913ರಲ್ಲಿ ಪೆಟ್ರಿ ತಂಡಕ್ಕೆ ಕೊಳೆಯಾದ ನಾರುಬಟ್ಟೆಯ ರಾಶಿಯೊಂದು ಸಿಕ್ಕಿತು. ಅದು 2050 ಎಂಬ ಸಂಖ್ಯೆಯ ಗೋರಿ, ಹಿಂದೆಯೇ ಕಳ್ಳರು ದೋಚಿದ್ದು. ಆ ಗಂಟು ಬಿಚ್ಚದೆ ಹಾಗೇ ಲಂಡನ್ನಿಗೆ ಬಂತು. 1977ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಬಟ್ಟೆ ಸಂರಕ್ಷಣೆಯ ಕಾರ್ಯಾಗಾರದಲ್ಲಿ ಅದನ್ನು ಬಿಡಿಸಿ ಶುಚಿ ಮಾಡುವಾಗ ಒಳಗೆ ಅಂಗಿ ಇದೆಯೆಂದು ತಿಳಿಯಿತು. 1913ರಲ್ಲೇ ಅವಸರದಿಂದ ಎಳೆದು ಬಿಡಿಸಿದ್ದರೆ ಇಂದು ನಮಗೆ ಉಳಿಯುತ್ತಿದ್ದುದು ಚಿಂದಿ ಮಾತ್ರ.

ಕಪಾಟಿನ ಮುಂದೆ ನಿಂತಾಗ ಕುತ್ತಿಗೆಯ ವಿ ಆಕಾರ ನೋಡಿ, ಆಮೇಲೆ ತೋಳು, ಎದೆಯ ಭಾಗದ ಸಣ್ಣ ನೆರಿಗೆಗಳನ್ನು ನೋಡಿ. ನಂತರ ಮೊಣಕೈ, ಕಂಕುಳ ಬಳಿ ಸುಕ್ಕು ಹುಡುಕಿ. ಅಂಗಿ ಸಿಕ್ಕಾಗ ಒಳಮಗ್ಗುಲು ಹೊರಗಾಗಿತ್ತು, ಯಾರೋ ತಲೆಯ ಮೇಲಿಂದ ಎಳೆದು ತೆಗೆದ ಹಾಗೆ. ಹೆಣಕ್ಕೆಂದೇ ಹೊಲಿದದ್ದಲ್ಲ, ಬದುಕಿದ್ದಾಗ ತೊಟ್ಟದ್ದು ಎಂಬುದಕ್ಕೆ ಇವೇ ಸಾಕ್ಷಿ. ನೇಯ್ಗೆಯಲ್ಲಿ ಸೆಂಟಿಮೀಟರಿಗೆ 22–23 ಹಾಸು ಎಳೆ, 13–14 ಹೊಕ್ಕು ಎಳೆಗಳಿವೆ.

ಗೋರಿ ಲೂಟಿಯಾಗಿದ್ದರಿಂದ ಜೊತೆಗಿದ್ದ ವಸ್ತುಗಳನ್ನು ನಂಬಿ ಕಾಲ ಹೇಳುವಂತಿರಲಿಲ್ಲ. ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ವಯಸ್ಸು ಲೆಕ್ಕ ಹಾಕುವ ಇಂಗಾಲ-14 ಪರೀಕ್ಷೆಯೊಂದೇ ದಾರಿಯಾಗಿತ್ತು. ಆದರೆ ಪರೀಕ್ಷೆ ಎಂದರೆ ಮಾದರಿಯನ್ನು ಸುಡಬೇಕು. ಹಳೆಯ ವಿಧಾನಕ್ಕೆ ಬೇಕಾಗುತ್ತಿದ್ದ ಬಟ್ಟೆಯ ಪ್ರಮಾಣ ದೊಡ್ಡದು. ಕೆಲವೇ ಮಿಲಿಗ್ರಾಂ ಸಾಕಾಗುವ ಹೊಸ ತಂತ್ರ ಬಂದ ಮೇಲೆ ಆಕ್ಸ್‌ಫರ್ಡಿನ ಪ್ರಯೋಗಾಲಯ ಈ ಅಂಗಿಯ ಎಳೆಯನ್ನು ಪರೀಕ್ಷಿಸಿತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇದರ ಕಾಲ ಕ್ರಿ.ಪೂ. 3482ರಿಂದ 3102ರ ನಡುವೆ, ಶೇ 95ರಷ್ಟು ಖಚಿತತೆಯೊಂದಿಗೆ. ನೇಯ್ದು, ಹೊಲಿದ ಉಡುಪುಗಳಲ್ಲಿ ಜಗತ್ತಿನಲ್ಲಿ ಇಷ್ಟು ಹಳೆಯದು ಇನ್ನೊಂದು ತಿಳಿದಿಲ್ಲ.

ಪ್ರ: ಪುರಾತತ್ತ್ವದ ವಿದ್ಯಾರ್ಥಿ ನಾನು. ಪೆಟ್ರಿಯವರ ಅನುಕ್ರಮ ಕಾಲಗಣನೆ ಪಠ್ಯದಲ್ಲಿದೆ, ಆದರೆ ತಲೆಗೆ ಹತ್ತುತ್ತಿಲ್ಲ. ಮ್ಯೂಸಿಯಂನಲ್ಲಿ ಅದನ್ನು ಕಣ್ಣಾರೆ ನೋಡಬಹುದೇ? — ಓದುಗರು, ಧಾರವಾಡ

ಉ: ನೋಡಬಹುದು, ಅದೂ ಅದನ್ನು ರೂಪಿಸಿದ ಮಡಕೆಗಳಲ್ಲೇ. ಸಮಸ್ಯೆ ಇಷ್ಟು: ನಕಾದಾ, ಬಲ್ಲಾಸ್, ಹೂ ಪ್ರದೇಶಗಳಲ್ಲಿ ಸಾವಿರಾರು ಗೋರಿ ಅಗೆದರು. ಎಲ್ಲವೂ ಬರಹ ಹುಟ್ಟುವ ಮುಂಚಿನವು, ರಾಜರ ಹೆಸರಿಲ್ಲ. ಗುಂಡಿಗಳು ಒಂದರ ಪಕ್ಕ ಒಂದಿರುವುದರಿಂದ ಮೇಲಿನ ಪದರ, ಕೆಳಗಿನ ಪದರ ಎಂಬ ಆಧಾರವೂ ಇಲ್ಲ. ಯಾವುದು ಮೊದಲು, ಯಾವುದು ನಂತರ?

ಪೆಟ್ರಿ ಮಾಡಿದ್ದು ಹೀಗೆ. ಐದು ಅಥವಾ ಹೆಚ್ಚು ಬಗೆಯ ಮಡಕೆಗಳಿದ್ದ 900 ಗೋರಿಗಳನ್ನಷ್ಟೇ ಆರಿಸಿದರು. ಗೋರಿಗೊಂದು ಉದ್ದನೆಯ ಪಟ್ಟಿ ಕತ್ತರಿಸಿ, ಅದರಲ್ಲಿ ಯಾವ ಯಾವ ಬಗೆಯ ಮಡಕೆ ಇತ್ತೆಂದು ಕಂಬಸಾಲುಗಳಲ್ಲಿ ಗುರುತು ಹಾಕಿದರು. ಆಮೇಲೆ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸುತ್ತ, ಒಂದೇ ಬಗೆಯ ಮಡಕೆಗಳು ಆದಷ್ಟೂ ಒಂದರ ಹತ್ತಿರ ಒಂದು ಬರುವ ಹಾಗೆ ಜೋಡಿಸಿದರು. ಒಂದು ಮಾದರಿ ಬಳಕೆಗೆ ಬಂದು, ಹೆಚ್ಚಾಗಿ, ಕ್ರಮೇಣ ಮರೆಯಾಗುತ್ತದೆ ಎಂಬುದಷ್ಟೇ ಇದರ ಹಿಂದಿನ ತರ್ಕ. ಹಾಗೆ ಬಂದ ಸಾಲನ್ನು ಸಮನಾದ ಗುಂಪುಗಳಾಗಿ ಒಡೆದು 30ರಿಂದ 80ರವರೆಗೆ ಸಂಖ್ಯೆ ಕೊಟ್ಟರು. 1ರಿಂದ 29ನ್ನು ಖಾಲಿ ಬಿಟ್ಟದ್ದು ಮುಂದೆ ಇನ್ನೂ ಹಳೆಯದು ಸಿಕ್ಕೀತು ಎಂದು. 1920ರ ದಶಕದಲ್ಲಿ ಬದಾರಿಯಲ್ಲಿ ಹಾಗೇ ಸಿಕ್ಕಿತು. 1899ರಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಪಟ್ಟಿಗಳ ಬಲದಿಂದಲೇ ಮಾಡಿದ ಈ ಕೆಲಸಕ್ಕೆ ನಮ್ಮಲ್ಲಿ ಅಪಾರ ಗೌರವವಿದೆ.

ಪರೀಕ್ಷೆಯಲ್ಲಿ ತಪ್ಪುವುದು ಒಂದೇ ಕಡೆ: ಈ ಸಂಖ್ಯೆಗಳನ್ನು ವರ್ಷ ಎಂದುಕೊಳ್ಳುವುದು. 40ಕ್ಕೂ 50ಕ್ಕೂ ನಡುವೆ ಎಷ್ಟು ವರ್ಷ ಎಂಬುದನ್ನು ಈ ವಿಧಾನ ಹೇಳುವುದಿಲ್ಲ. ಹಿಂದು ಮುಂದನ್ನಷ್ಟೇ ಹೇಳುತ್ತದೆ.

ಮ್ಯೂಸಿಯಂನಲ್ಲಿ ಅಲೆಯಂಥ ಹಿಡಿಯುಳ್ಳ ಮಡಕೆಗಳನ್ನು ಹುಡುಕಿ. ಆರಂಭದವು ಗುಂಡಗೆ, ಹೊಟ್ಟೆ ದಪ್ಪ, ಎರಡು ಬದಿಗೂ ಬೆರಳು ಸಿಕ್ಕಿಸಿ ಎತ್ತಬಹುದಾದ ಅಂಕುಡೊಂಕು ಹಿಡಿ. ಮುಂದಿನವು ತೆಳ್ಳಗಾಗುತ್ತವೆ, ಹಿಡಿ ಚಿಕ್ಕದಾಗುತ್ತದೆ. ಕೊನೆಯವು ನೆಟ್ಟಗಿನ ಕೊಳವೆಗಳು. ಹಿಡಿ ಇದ್ದ ಜಾಗದಲ್ಲಿ ಸುತ್ತ ಒಂದು ಅಲೆಗೆರೆ ಮಾತ್ರ, ಕೆಲವಕ್ಕೆ ಅದೂ ಇಲ್ಲ. ಉಪಯೋಗಕ್ಕಿದ್ದ ಭಾಗ ಅಲಂಕಾರವಾಗಿ ಸವೆಯುವುದೇ ಮುಂದಿನ ದಿಕ್ಕು ಎಂದು ಪೆಟ್ರಿ ಹಿಡಿದದ್ದು ಇಲ್ಲಿಯೇ. ಇಂಥ ನಾಲ್ಕು ಮಡಕೆಗಳ ರೇಖಾಚಿತ್ರವನ್ನು ನೀವೇ ಬರೆದುಕೊಳ್ಳಿ, ಪಠ್ಯದ ಹತ್ತು ಪುಟಕ್ಕಿಂತ ಬೇಗ ಅರ್ಥವಾಗುತ್ತದೆ. ಧಾರವಾಡದಲ್ಲಿ ಕೂತೇ ಮಾಡುವುದಾದರೆ ಜಾಲತಾಣದ ಪಟ್ಟಿಯಲ್ಲಿ ಇವೆಲ್ಲದರ ಚಿತ್ರಗಳಿವೆ.

ಪ್ರ: ಅಲ್ಲಿನ ಕೆಂಪು ಮೈ, ಕಪ್ಪು ಬಾಯಿಯ ಮಡಕೆಗಳ ಫೋಟೋ ನೋಡಿದೆ. ನಮ್ಮ ಬ್ರಹ್ಮಗಿರಿಯ ಬೃಹತ್ ಶಿಲಾಯುಗದ ಮಡಕೆಗಳ ಹಾಗೇ ಇವೆ. ಸಂಬಂಧವಿದೆಯೇ? — ಓದುಗರು, ಚಿತ್ರದುರ್ಗ

ಉ: ಜನರ ನಡುವೆ ಸಂಬಂಧವಿಲ್ಲ, ಬೆಂಕಿಯ ಗುಣ ಒಂದೇ. ಈಜಿಪ್ಟಿನವು ಕ್ರಿ.ಪೂ. 4ನೇ ಸಹಸ್ರಮಾನಕ್ಕೂ ಅದಕ್ಕಿಂತ ಹಿಂದಕ್ಕೂ ಸೇರಿದವು, ಚಕ್ರವಿಲ್ಲದೆ ಕೈಯಿಂದ ಕಟ್ಟಿದವು. ಬ್ರಹ್ಮಗಿರಿಯವು ಅವುಗಳಿಗಿಂತ ಎರಡು ಸಾವಿರ ವರ್ಷಕ್ಕೂ ಹೆಚ್ಚು ಈಚಿನವು. ಎರಡರಲ್ಲೂ ಮಣ್ಣಿನಲ್ಲಿ ಕಬ್ಬಿಣದ ಅಂಶವಿದೆ. ಸುಡುವಾಗ ಗಾಳಿ ತಗುಲಿದ ಭಾಗ ಕೆಂಪಾಗುತ್ತದೆ. ಬಾಯಿ ಕೆಳಗಾಗಿ ಬೂದಿ, ಹೊಟ್ಟಿನಲ್ಲಿ ಹೂತ ಭಾಗಕ್ಕೆ ಗಾಳಿ ಸಿಗದೆ, ಇಂಗಾಲ ಹಿಡಿದು ಕಪ್ಪಾಗುತ್ತದೆ. ಮಡಕೆಯನ್ನು ಬಿಸಿಯಿರುವಾಗಲೇ ತೆಗೆದು ಹೊಟ್ಟಿನ ಮೇಲೆ ಬೋರಲು ಹಾಕಿರಬಹುದೆಂಬ ಅಭಿಪ್ರಾಯವೂ ಇದೆ. ಮೈಯ ಹೊಳಪು ಸುಡುವ ಮೊದಲು ನುಣ್ಣನೆ ಕಲ್ಲಿನಿಂದ ಉಜ್ಜಿದ್ದರ ಫಲ.

ಮಡಕೆಗೆ ಇಲ್ಲದ ಸಂಬಂಧ ವಿದ್ವಾಂಸರ ಕಡೆಯಿಂದ ಇದೆ. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವೀಲರ್ ಅದಕ್ಕೂ ಮೊದಲು ಲಂಡನ್ನಿನಲ್ಲಿ ಪುರಾತತ್ತ್ವ ಸಂಸ್ಥೆಯನ್ನು ಕಟ್ಟಿದವರು. ಈಗ ಅದು ಇದೇ ಕಾಲೇಜಿನ ಭಾಗ, ಮ್ಯೂಸಿಯಂನಿಂದ ಕೂಗಳತೆಯಲ್ಲಿದೆ.

ಪ್ರ: ಈಜಿಪ್ಟಿನವರಿಗೆ ಅಷ್ಟು ಹಿಂದೆ ಕಬ್ಬಿಣ ಗೊತ್ತಿತ್ತೇ? — ಓದುಗರು, ಸಂಡೂರು

ಉ: ಅದಿರಿನಿಂದ ಕರಗಿಸಿ ತೆಗೆಯುವುದು ಗೊತ್ತಿರಲಿಲ್ಲ. ಗೆರ್ಜೆಯ ಸ್ಮಶಾನದಲ್ಲಿ 1911ರಲ್ಲಿ ಸಿಕ್ಕ ಒಂಬತ್ತು ಮಣಿಗಳ ಕಾಲ ಸುಮಾರು ಕ್ರಿ.ಪೂ. 3200. ಪೆಟ್ರಿಯಲ್ಲಿರುವ ಮಣಿಗಳನ್ನು ಒಡೆಯದೆ, ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳ ಮೂಲಕ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಕ್ಕಲ್, ಕೋಬಾಲ್ಟ್, ರಂಜಕ, ಜರ್ಮೇನಿಯಂ ಇದ್ದ ಪ್ರಮಾಣದಿಂದ ಇದು ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣ ಎಂದು ಖಚಿತವಾಯಿತು. ಕಲ್ಲಿನ ಮಣಿಗೆ ತೂತು ಕೊರೆಯುತ್ತಾರೆ. ಇವನ್ನು ಹಾಗೆ ಮಾಡಿಲ್ಲ. ಬಡಿದು ತೆಳು ತಗಡು ಮಾಡಿ, ಕೊಳವೆಯಾಗಿ ಸುತ್ತಿದ್ದಾರೆ. ಉಲ್ಕೆಯ ಕಬ್ಬಿಣ ಗಡುಸು, ಬಡಿದರೆ ಬಿರಿಯುವಂಥದು. ಮತ್ತೆ ಮತ್ತೆ ಕಾಯಿಸಿ ಬಡಿಯುವ ಕೌಶಲ ಆಗಲೇ ಇತ್ತೆಂದಾಯಿತು.

ಈಗ ಅವು ಪೂರ್ತಿ ತುಕ್ಕು ಹಿಡಿದ ಕಂದು ತುಣುಕುಗಳು. ಗೊತ್ತಿಲ್ಲದವರು ದೃಷ್ಟಿ ಹಾಯಿಸದೆ ಮುಂದೆ ಹೋಗುತ್ತಾರೆ. ಅವುಗಳ ಜೊತೆ ಚಿನ್ನ, ಲಾಜವರ್ದದ ಮಣಿಗಳೂ ಸಿಕ್ಕಿವೆ. ಆ ನೀಲಿ ಕಲ್ಲು ಬಂದದ್ದು ಇಂದಿನ ಅಫ್ಘಾನಿಸ್ತಾನದ ಕಡೆಯಿಂದ.

ಪ್ರ: ಕನ್ನಡ ಮಾತುಗಳಿವೆ ಎನ್ನುವ ಗ್ರೀಕ್ ಪ್ರಹಸನದ ಪಪೈರಸ್ ಈ ಮ್ಯೂಸಿಯಂನಲ್ಲಿದೆಯೇ? — ಓದುಗರು, ಉಡುಪಿ

ಉ: ಇಲ್ಲ. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕಥೆಯ ಆ ಪಪೈರಸ್ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಗಳಲ್ಲಿ ಇಂಗ್ಲಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅವರಿಗೆ ಸಿಕ್ಕಿತು. 1903ರಲ್ಲಿ 413ನೇ ಸಂಖ್ಯೆಯಾಗಿ ಪ್ರಕಟವಾಯಿತು. ಅದರಲ್ಲಿ ಭಾರತೀಯರು ಆಡುವ ಮಾತು ಕನ್ನಡ ಎಂದು 1904ರಲ್ಲಿ ವಾದಿಸಿದವರು ಜರ್ಮನ್ ಶಾಸನತಜ್ಞ ಹುಲ್ಟ್ಸ್. ಆರ್. ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಎಲ್.ಡಿ. ಬಾರ್ನೆಟ್ ಒಪ್ಪಲಿಲ್ಲ, ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಮೂಲ ಪಪೈರಸ್ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ್ದು. ಸುಮ್ಮನೆ ಹೋಗಿ ನೋಡಲು ಇಟ್ಟ ವಸ್ತು ಅದಲ್ಲ, ಸಂಶೋಧನೆಯ ಕಾರಣ ತಿಳಿಸಿ ಮೊದಲೇ ಅನುಮತಿ ಪಡೆಯಬೇಕು.

ಆದರೆ ಕರಾವಳಿಯವರು ಪೆಟ್ರಿಯಲ್ಲಿ ಕೊಪ್ಟೋಸಿನ ವಸ್ತುಗಳನ್ನು ತಪ್ಪದೆ ನೋಡಬೇಕು. ರೋಮನ್ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಿಂದ ಹೋದ ಮೆಣಸು ಕೆಂಪು ಸಮುದ್ರದ ಬಂದರಿನಲ್ಲಿ ಇಳಿದು, ಒಂಟೆಯ ಮೇಲೆ ಮರುಭೂಮಿ ದಾಟಿ ನೈಲ್ ನದಿ ಸೇರುತ್ತಿದ್ದುದು ಆ ಊರಿನಲ್ಲಿ.

ಪ್ರ: ಇವೆಲ್ಲ ಈಜಿಪ್ಟಿನಿಂದ ಕದ್ದು ತಂದವಲ್ಲವೇ? — ಓದುಗರು, ಕಲಬುರಗಿ

ಉ: ಕಾನೂನಿನ ಮಾತು ಬೇರೆ, ನ್ಯಾಯದ ಮಾತು ಬೇರೆ. ಅಗೆದದ್ದನ್ನು ಕೈರೋದ ಪುರಾತತ್ತ್ವ ಇಲಾಖೆಗೆ ತೋರಿಸಬೇಕಿತ್ತು. ಇಲಾಖೆ ತನಗೆ ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅಗೆದವರಿಗೆ ಬಿಡುತ್ತಿತ್ತು. ಪೆಟ್ರಿಯ ಪಾಲು ಹೀಗೆ ಬಂದದ್ದು. ಜೊತೆಗೆ ಅವರು ಕೊಂಡ ವಸ್ತುಗಳೂ ಇವೆ. ಆದರೆ 1882ರಿಂದ ಈಜಿಪ್ಟ್ ಬ್ರಿಟಿಷರ ಹಿಡಿತದಲ್ಲಿತ್ತು, ಆ ಇಲಾಖೆಯನ್ನು ನಡೆಸುತ್ತಿದ್ದವರು ಫ್ರೆಂಚರು. ಹಂಚಿಕೆಯ ನಿಯಮ ಮಾಡುವಾಗ ಈಜಿಪ್ಟಿನ ಜನರನ್ನು ಯಾರೂ ಕೇಳಲಿಲ್ಲ. 1983ರ ಕಾನೂನು ಇಂಥ ಪಾಲುಗಾರಿಕೆಗೆ ತೆರೆ ಎಳೆಯಿತು.

ನೆಲ ಅಗೆದ ಕೈಗಳ ಬಗ್ಗೆಯೂ ಹೇಳಬೇಕು. ಕುಫ್ತ್ ಊರಿನ ಕೆಲಸಗಾರರನ್ನು ಪೆಟ್ರಿ ತರಬೇತಿ ಕೊಟ್ಟು ಊರಿಂದೂರಿಗೆ ಕರೆದೊಯ್ದರು. ಲಾಹೂನಿನ ಅಲಿ ಸುಯೆಫಿ ವರ್ಷಗಟ್ಟಲೆ ಅವರ ಜೊತೆ ದುಡಿದ ನುರಿತ ಮೇಸ್ತ್ರಿ. ಕಪಾಟುಗಳ ಮೇಲೆ ಇವರ ಹೆಸರು ದೊಡ್ಡ ಅಕ್ಷರದಲ್ಲಿ ಇರಬೇಕಾದದ್ದೇ ನ್ಯಾಯ. ಪೆಟ್ರಿಗೆ ಜನಾಂಗಗಳ ಮೇಲು ಕೀಳಿನ ಬಗ್ಗೆ, ಆಯ್ದವರ ಸಂತಾನವನ್ನಷ್ಟೇ ಬೆಳೆಸಬೇಕೆನ್ನುವ ಸುಜನನವಾದದ ಬಗ್ಗೆ ಇದ್ದ ನಂಬಿಕೆಗಳನ್ನೂ ಅವರ ವಿಧಾನವನ್ನು ಮೆಚ್ಚುವಾಗ ಮರೆಯಬಾರದು.

ಪ್ರ: ಎಂಟು ವರ್ಷದ ಮಗ ಮಮ್ಮಿ ನೋಡಬೇಕೆಂದು ಹಟ ಹಿಡಿದಿದ್ದಾನೆ. ಪೆಟ್ರಿಗೆ ಕರೆದೊಯ್ಯಲೇ? — ಓದುಗರು, ಬಳ್ಳಾರಿ

ಉ: ಪೂರ್ತಿ ಮಮ್ಮಿಗಾಗಿ ಆದರೆ ಬೇಡ, ಅದಕ್ಕೆ ಬ್ರಿಟಿಷ್ ಮ್ಯೂಸಿಯಂನ ಮೇಲ್ಮಹಡಿಯೇ ಸರಿ. ಪೆಟ್ರಿಯಲ್ಲಿ ದೊಡ್ಡ ಮಡಕೆಯೊಳಗೆ ಮುದುಡಿ ಕೂರಿಸಿದ ಅಸ್ಥಿಪಂಜರವಿದೆ, ಮಗುವಿಗೆ ಮೊದಲೇ ಹೇಳಿ ಕರೆದೊಯ್ಯಿರಿ. ಕಾವ್ ಎಂಬಲ್ಲಿ ಸಿಕ್ಕ ಮಣಿಬಲೆಯ ಉಡುಪನ್ನು ತೋರಿಸಿ. ಅದರ ಅಂಚಿಗೆ ಕಟ್ಟಿದ ಚಿಪ್ಪುಗಳಲ್ಲಿ ಸಣ್ಣ ಕಲ್ಲುಗಳಿವೆ, ನಡೆದರೆ ಝಲ್ಲೆನ್ನುವಂತೆ. ಮಕ್ಕಳಿಗೆ ಅದು ಹಿಡಿಸುತ್ತದೆ.

ಲಂಡನ್ ಪ್ರಯಾಣವೇ ಇಲ್ಲವೆಂದಾದರೆ ನಿಮಗೆ ಹತ್ತಿರದ್ದು ಹೈದರಾಬಾದಿನ ತೆಲಂಗಾಣ ರಾಜ್ಯ ಮ್ಯೂಸಿಯಂ. ಅಲ್ಲಿ ಒಬ್ಬ ತರುಣಿಯ ಮಮ್ಮಿಯಿದೆ. ಅದು ಹಾಳಾಗತೊಡಗಿದ್ದರಿಂದ 2016ರಲ್ಲಿ ಆಮ್ಲಜನಕ ತಾಗದಂತೆ ಸಾರಜನಕ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಜೈಪುರದ ಆಲ್ಬರ್ಟ್ ಹಾಲ್, ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂಗಳಲ್ಲೂ ಒಂದೊಂದು ಮಮ್ಮಿ ಇದೆ. ಬಳ್ಳಾರಿಯಿಂದ ಹೈದರಾಬಾದಿಗೆ ರಾತ್ರಿ ಹೊರಟರೆ ಬೆಳಗಾಗುವಷ್ಟರಲ್ಲಿ ತಲುಪಬಹುದು. ವಾರದ ರಜೆ ಯಾವ ದಿನ ಎಂದು ವಿಚಾರಿಸಿಕೊಂಡು ಹೊರಡಿ.